ಚಿತ್ರದೊಳಗೆ ಸೂತ್ರ: ಐಪಿಇ, ಇಂಕ್‌ಸ್ಕೇಪ್, ಟಿಕ್ಝ್

ಲೇಟೆಕ್ (ಕೋಡ್ ಬರೆದು ಪುಟ ಜೋಡಿಸುವ ತಂತ್ರಾಂಶ) ಕಡತಕ್ಕೆ ಚಿತ್ರ ಬೇಕು, ಅದರೊಳಗೆ ಗಣಿತದ ಸೂತ್ರವೂ ಬೇಕು ಅಂದರೆ ನನ್ನ ಓಟು ಐಪಿಇಗೆ. ಐಪಿಇ, ಇಂಕ್‌ಸ್ಕೇಪ್ ಎರಡೂ ಮೌಸ್ ಹಿಡಿದು ಚಿತ್ರ ಬಿಡಿಸುವ ತಂತ್ರಾಂಶಗಳು; ಟಿಕ್ಝ್ ಲೇಟೆಕ್‌ನೊಳಗೇ ಕೋಡ್ ಬರೆದು ಚಿತ್ರ ಬಿಡಿಸುವ ಪ್ಯಾಕೇಜ್ (ಹೆಚ್ಚುವರಿ ಆದೇಶಗಳ ಕಟ್ಟು). ಮೂರೂ ಉಚಿತ, ಹಾಗಾಗಿ ಖರ್ಚಾಗುವುದು ಸಮಯ ಮಾತ್ರ.

ಗೆರೆ, ಬಣ್ಣ, ಬಾಗುರೇಖೆಗಳಲ್ಲಿ ಇಂಕ್‌ಸ್ಕೇಪ್‌ಗೆ ಸಾಟಿಯಿಲ್ಲ. ತಕರಾರೆಲ್ಲ ಸೂತ್ರದ್ದು. ಪಿಡಿಎಫ್ ಆಗಿ ಉಳಿಸುವಾಗ ಅಕ್ಷರಗಳನ್ನು ಲೇಟೆಕ್‌ಗೆ ಬಿಡುವ ಆಯ್ಕೆ ಒತ್ತಿದರೆ ಎರಡು ಕಡತ ಬರುತ್ತವೆ: ಒಂದರಲ್ಲಿ ಗೆರೆಗಳು, ಇನ್ನೊಂದರಲ್ಲಿ ಅವುಗಳ ಮೇಲೆ ಅಕ್ಷರ ಕೂರಿಸುವ ಆದೇಶಗಳು. ಪರದೆಯಲ್ಲಿ ಕಾಣುವುದು ಡಾಲರ್ ಚಿಹ್ನೆಗಳ ನಡುವಿನ ಕೋಡ್, ಅಚ್ಚಾಗುವುದು ಸೂತ್ರ. ಎ ಬೈ ಬಿ ಎಂಬ ಪುಟ್ಟ ಭಿನ್ನರಾಶಿಗೇ 13 ಅಕ್ಷರಗಳ ಕೋಡ್. ಅಚ್ಚಿನಲ್ಲಿ ಅದರ ಅಗಲ ಒಂದಕ್ಷರದಷ್ಟು. ಪಠ್ಯ ಎಡಕ್ಕೆ ಹೊಂದಿಕೊಂಡಿದ್ದರೆ, ವೃತ್ತದ ನಡುವೆ ಇಟ್ಟ ಸೂತ್ರ ಎಡ ಅಂಚಿಗೆ ಹೋಗಿ ಕೂರುತ್ತದೆ.

ಪಠ್ಯವನ್ನು ಮಧ್ಯಕ್ಕೆ ಹೊಂದಿಸಿ, ಆ ಬಿಂದುವನ್ನೇ ವೃತ್ತದ ಕೇಂದ್ರಕ್ಕೆ ತಂದರೆ ಅಡ್ಡದ ತೊಂದರೆ ತೀರುತ್ತದೆ. ಮೇಲೆ-ಕೆಳಗಿನದು ತೀರುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಬೇಸ್‌ಲೈನ್ (ಅಕ್ಷರಗಳು ಕೂರುವ ಗೆರೆ) ಮಾತ್ರ. ಭಿನ್ನರಾಶಿಯ ಛೇದ ಅದರ ಕೆಳಗೆ ಜೋತುಬೀಳುತ್ತದೆ. ಕಣ್ಣಳತೆಯಲ್ಲಿ ಸರಿಸು, ಕಂಪೈಲ್ ಮಾಡು (ಲೇಟೆಕ್ ಓಡಿಸು), ಮತ್ತೆ ಸರಿಸು. ಚಿತ್ರದ ಅಗಲ ತಗ್ಗಿಸಿದಿರೋ, ಗೆರೆ ಕುಗ್ಗುತ್ತದೆ, ಅಕ್ಷರ ಕುಗ್ಗುವುದಿಲ್ಲ. ಸೂತ್ರಗಳು ಒಂದರ ಮೇಲೊಂದು ಬೀಳುತ್ತವೆ. ಚಿತ್ರ ಬೇರೆ ಫೋಲ್ಡರಿನಲ್ಲಿದ್ದರೆ ಪಿಡಿಎಫ್ ಸಿಗಲಿಲ್ಲ ಎಂಬ ದೋಷ ಬೇರೆ. ಇದಕ್ಕೆ ಮದ್ದು ಸುಲಭ: ಕಡತ ಸೇರಿಸುವ ಇನ್‌ಪುಟ್ ಆದೇಶದ ಬದಲು ಇಂಪೋರ್ಟ್ ಪ್ಯಾಕೇಜ್ ಬಳಸಿ.

ಐಪಿಇಯಲ್ಲಿ ಡಾಲರ್ ಕೀಲಿ ಒತ್ತಿ, ಕ್ಲಿಕ್ಕಿಸಿ, ಸೂತ್ರ ಬರೆದು, ಕಂಟ್ರೋಲ್-ಎಲ್ ಒತ್ತಿದರೆ ಲೇಟೆಕ್ ಓಡಿ ನಿಜವಾದ ಸೂತ್ರವೇ ಪರದೆಗೆ ಬರುತ್ತದೆ. ಅಡ್ಡ, ಉದ್ದ ಎರಡೂ ದಿಕ್ಕಿನಲ್ಲಿ ನಡುವಿಗೆ ಹೊಂದಿಸಬಹುದು. ಎಫ್4 ಒತ್ತಿದರೆ ಕರ್ಸರ್ ಮೂಲೆಬಿಂದುಗಳಿಗೆ ಅಂಟುತ್ತದೆ, ಎಫ್7 ಒತ್ತಿದರೆ ಗ್ರಿಡ್ಡಿಗೆ. ಉಳಿಸಿದ ಪಿಡಿಎಫ್ ಅನ್ನೇ ಮತ್ತೆ ತೆರೆದು ತಿದ್ದಬಹುದು, ಮೂಲ ಕಡತ ಎಲ್ಲಿಟ್ಟೆ ಎಂದು ಹುಡುಕುವ ಪಾಡಿಲ್ಲ.

ಎಡವುವ ಜಾಗ ಎರಡು. ಮುಖ್ಯ ಕಡತದ ಫಾಂಟ್ ಪ್ಯಾಕೇಜುಗಳನ್ನು ಐಪಿಇಯ ಪ್ರಿಯಾಂಬಲ್‌ಗೂ (ಆರಂಭದ ಆದೇಶಗಳ ಭಾಗ) ಹಾಕಬೇಕು, ಇಲ್ಲದಿದ್ದರೆ ಸೂತ್ರದ ಅಕ್ಷರ ಬೇರೆಯಾಗಿ ಕಾಣುತ್ತದೆ. ಸೇರಿಸುವಾಗ ಅಗಲ ಬದಲಿಸಿದರೆ ಸೂತ್ರವೂ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ನಿಜ ಅಳತೆಯಲ್ಲೇ ಬರೆಯಿರಿ. ಲೇಟೆಕ್‌ನ ಆರ್ಟಿಕಲ್ ಎಂಬ ಕಡತ ಮಾದರಿಯಲ್ಲಿ, ಅಕ್ಷರ 10 ಪಾಯಿಂಟ್ ಇದ್ದರೆ, ಸಾಲಿನ ಅಗಲ 345 ಪಾಯಿಂಟ್. ಆದರೆ ಲೇಟೆಕ್ ಇಂಚಿಗೆ 72.27 ಪಾಯಿಂಟ್ ಎಣಿಸಿದರೆ ಐಪಿಇ 72 ಎಣಿಸುತ್ತದೆ. ಹಾಗಾಗಿ 343 ದಾಟಬೇಡಿ.

ಟಿಕ್ಝ್ ಕೋಡ್ ಮುಖ್ಯ ಕಡತದಲ್ಲೇ ಇದ್ದರೆ ಫಾಂಟಿನ ಗೋಜೇ ಇಲ್ಲ. ಫಲನದ ಗ್ರಾಫ್, ಒಂದೇ ಆಕಾರ ನಲವತ್ತು ಸಲ ಬರುವ ಜಾಲ, ಇವಕ್ಕೆ ನಾನೂ ಅದನ್ನೇ ಹಿಡಿಯುತ್ತೇನೆ, ಕಂಪೈಲ್ ನಿಧಾನವಾಗದಂತೆ ಸ್ಟ್ಯಾಂಡಲೋನ್ (ಚಿತ್ರ ಮಾತ್ರ ಇರುವ ಪ್ರತ್ಯೇಕ) ಕಡತದಲ್ಲಿ. ಕೈಗೆ ಬಂದಂತೆ ಬಾಗುವ ಒಂದು ಗೆರೆಗೆ ನಿರ್ದೇಶಾಂಕ ಊಹಿಸುತ್ತ ಕೂರುವ ತಾಳ್ಮೆ ಮಾತ್ರ ನನಗಿಲ್ಲ.