ಜೇನು ಪೆಟ್ಟಿಗೆ ಬಾಡಿಗೆಗೆ ತರಿಸಿ ಆರು ಬೆಳೆ ತೆಗೆದ ಮೇಲೆ

ಹುಳಗಳು ಹೂವಿಂದ ಹೂವಿಗೆ ಪರಾಗ ಮುಟ್ಟಿಸಿ ಕಾಯಿ ಕಚ್ಚಲಿ ಅಂತ ಕಲ್ಲಂಗಡಿ, ಸೌತೆ ಹೊಲಕ್ಕೆ ಜೇನು ಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸುತ್ತಿದ್ದೇನೆ. ಇದು ಆರನೇ ಬೆಳೆ. ಮುಂದೆಯೂ ತರಿಸುತ್ತೇನೆ. ಮೊದಲೆಲ್ಲ ಪೆಟ್ಟಿಗೆ ಎಣಿಸಿ ದುಡ್ಡು ಕೊಡುತ್ತಿದ್ದೆ. ಈಗ ಮುಚ್ಚಳ ತೆಗೆಸಿ, ಒಳಗಿನ ಹುಳ ನೋಡಿ ಕೊಡುತ್ತೇನೆ.

ಎರಡನೇ ಬೆಳೆಗೆ ಒಬ್ಬರು ತಂದಿಟ್ಟ ಪೆಟ್ಟಿಗೆಗಳು ಹೊರಗಿನಿಂದ ಚೆನ್ನಾಗೇ ಕಾಣುತ್ತಿದ್ದವು. ಬಾಗಿಲಲ್ಲಿ ಓಡಾಟವೂ ಇತ್ತು. ಆದರೂ ಹೀಚು ಹಳದಿ ತಿರುಗಿ ಉದುರುತ್ತಿತ್ತು. ಸೌತೆಕಾಯಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣಕಲು. ತಡೆಯಲಾರದೆ ಮುಚ್ಚಳ ತೆಗೆಸಿದೆ. ಒಳಗೆ ಹುಳಗಳು ಗೂಡು ಕಟ್ಟುವ ಹತ್ತು ಚೌಕಟ್ಟುಗಳಲ್ಲಿ ಮೂರರ ಮೇಲಷ್ಟೇ ಹುಳ. ಮರಿಯಂತೂ ಇರಲೇ ಇಲ್ಲ. ತುಂಬಾ ಬೇಜಾರಾಯಿತು. ಹೂ ಹೋದ ಮೇಲೆ ಏನು ಮಾಡಿದರೂ ಆ ದಿನ ವಾಪಸ್ ಬರಲ್ಲ ಅಲ್ವಾ?

ಮರಿ ಯಾಕೆ ಮುಖ್ಯ ಅಂದರೆ, ಮರಿ ಸಾಕಲು ಪರಾಗ ಬೇಕು. ಮರಿ ಜಾಸ್ತಿ ಇದ್ದಷ್ಟೂ ಹುಳಗಳು ಪರಾಗ ಹುಡುಕಿಕೊಂಡು ಹೋಗುತ್ತವೆ. ನಮ್ಮ ಕೆಲಸ ಆಗುವುದು ಅದರಿಂದಲೇ.

ಬೆಳಿಗ್ಗೆ ಕಲ್ಲಂಗಡಿಯ ಹೆಣ್ಣು ಹೂವಿನ ಹತ್ತಿರ ಕೂತು ನೋಡಿ. ಹೂವಿನ ಬುಡದಲ್ಲಿ ನುಣ್ಣನೆ ರೋಮದ ಪುಟ್ಟ ಕಾಯಿ ಇರುತ್ತದೆ. ಹೂವಿನ ನಡುವೆ ಪರಾಗ ಅಂಟಿಕೊಳ್ಳುವ ತುದಿಗೆ (ಶಲಾಕಾಗ್ರ) ಮೂರು ಹೋಳು. ಗಂಡು ಹೂವಿನಿಂದ ಮೈಗೆಲ್ಲ ಹಳದಿ ಪುಡಿ ಬಳಿದುಕೊಂಡು ಬಂದ ಹುಳ ಅದರ ಸುತ್ತ ಒಂದು ಸುತ್ತು ಹಾಕುತ್ತದೆ. ಮೂರಕ್ಕೂ ಪುಡಿ ಸರಿಯಾಗಿ ತಾಗದಿದ್ದರೆ ಕಾಯಿ ಸೊಟ್ಟ. ಒಂದು ಸಲ ಬಂದು ಹೋದರೆ ಸಾಲದು, ಎಂಟು ಸಲವಾದರೂ ಬರಬೇಕು. ಮಧ್ಯಾಹ್ನದ ಹೊತ್ತಿಗೆ ಹೂ ಮುದುಡಿತು ಅಂದರೆ ಮತ್ತೆ ಅರಳುವುದಿಲ್ಲ. ಮೂರು ಚೌಕಟ್ಟಿನ ಹುಳ ಎಷ್ಟು ಹೂವಿಗೆ ಹೋಗಲು ಸಾಧ್ಯ?

ಹೂ ಬಿಡುವ ಮೊದಲೇ ಪೆಟ್ಟಿಗೆ ತರಿಸಬೇಡಿ. ಒಮ್ಮೆ ನಾನು ಹಾಗೆ ತರಿಸಿದಾಗ ಹುಳಗಳು ಬೇಲಿಯಾಚೆಯ ಹೂವಿಗೆ ಒಗ್ಗಿಹೋದವು. ಹೂ ಶುರುವಾದ ಮೇಲೆ, ರಾತ್ರಿ ಹೊತ್ತಲ್ಲಿ ತರಿಸಿ. ಇಟ್ಟ ಮೇಲೆ ಜಾಗ ಸರಿಸಬೇಡಿ, ಹೊರಗೆ ಹೋದ ಹುಳಗಳು ಹಳೆ ಜಾಗಕ್ಕೇ ಬರುತ್ತವೆ. ಹತ್ತಿರದಲ್ಲಿ ನೀರಿರಲಿ.

ಔಷಧಿ ಹೊಡೆಯುವ ವಿಷಯ ಪೆಟ್ಟಿಗೆಯವರ ಜೊತೆ ಮೊದಲೇ ಮಾತಾಡಿ. ಸಂಜೆ ಹೊಡೆದರೆ ಸಾಕು ಅನ್ನುತ್ತಾರೆ. ಆದರೆ ಕೆಲವು ಕೀಟನಾಶಕಗಳ ವಿಷ ಮರುದಿನ ಬೆಳಿಗ್ಗೆಯೂ ಹೂವಿನಲ್ಲಿ ಇರುತ್ತದೆ. ಹೂವಿನ ಸಮಯದಲ್ಲಿ ನಾನು ಕೀಟನಾಶಕ ಮುಟ್ಟುವುದೇ ಇಲ್ಲ. ಅವರು ಸಾಕಿದ ಜೀವ ನಮ್ಮ ಹೊಲದಲ್ಲಿ ಸಾಯಬಾರದು.

ಮಳೆ, ಚಳಿ ಇದ್ದರೆ ಹುಳ ಹೊರಗೆ ಬರಲ್ಲ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಟೊಮೆಟೊಗಂತೂ ಸುಮ್ನೆ ತರಿಸಬೇಡಿ. ಅದರ ಹೂವನ್ನು ಅಲುಗಿಸಿ ಪರಾಗ ಉದುರಿಸುವುದು ಜೇನಿಗೆ ಬರುವುದಿಲ್ಲ.

ಈ ಸಲ ಬಂದವರು ನಾನು ಕೇಳುವ ಮೊದಲೇ ಮುಚ್ಚಳ ತೆಗೆದು ತೋರಿಸಿದರು. ಎಂಟು ಚೌಕಟ್ಟು ತುಂಬ ಹುಳ, ನಡುವೆ ಒತ್ತೊತ್ತಾಗಿ ಮರಿ. ಮುಂದಿನ ಬೆಳೆಗೂ ಅವರಿಗೇ ಹೇಳಿದ್ದೇನೆ.