ಸೋಲಾರ್ ಪಂಪ್‌ಸೆಟ್: ಎರಡು ಬೇಸಿಗೆ ಕಳೆದ ಮೇಲೆ

ಶಿರಾ ಕಡೆ ನಮ್ಮ ಎರಡು ಎಕರೆ ದಾಳಿಂಬೆಗೆ 5 ಎಚ್‌ಪಿ ಸೋಲಾರ್ ಪಂಪ್‌ಸೆಟ್ ಹಾಕಿಸಿ ಎರಡು ವರ್ಷವಾಯಿತು. "10 ಎಚ್‌ಪಿವರೆಗೆ ಕರೆಂಟು ಪುಕ್ಕಟೆ ಇರುವಾಗ ಇದಕ್ಯಾಕೆ ದುಡ್ಡು ಸುರೀತೀಯ?" ಅಂತ ಕೇಳದವರಿಲ್ಲ. ಹೊಸ ಬೋರು ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಅರ್ಧ ಕಿಲೋಮೀಟರಿಗಿಂತ ದೂರ. ಕಂಬ, ತಂತಿಯ ಖರ್ಚು ಕೇಳಿ ಎದೆ ಧಸಕ್ಕೆಂದಿತು, ಸೋಲಾರ್ ಪಂಪಿಗೆ ಸಹಾಯಧನ ಕೊಡುವ ಕುಸುಮ್ ಯೋಜನೆಗೆ ಅರ್ಜಿ ಹಾಕಿದೆ. ಖರ್ಚಿನಲ್ಲಿ ಆಗ ಕೇಂದ್ರದ್ದು ಶೇ. 30, ರಾಜ್ಯದ್ದು ಶೇ. 50, ನಮ್ಮದು ಶೇ. 20. ಆ ವರ್ಷದ ಕಡಲೆಕಾಯಿ ದುಡ್ಡೆಲ್ಲ ಅದಕ್ಕೇ ಹೋಯಿತು.

ಪ್ಯಾನೆಲ್ ಎಷ್ಟು ವ್ಯಾಟಿನದು, ಮೋಟ್ರು ಎಂಥದ್ದು ಅನ್ನೋದೆಲ್ಲ ಇಲ್ಲಿ ಬರೆಯುವುದಿಲ್ಲ. ನನಗೆ ಹೇಳಬೇಕಿರುವುದು ಹಗಲಿನ ನೀರಿನ ವಿಷಯ.

ಹಳೇ ಬೋರಿಗೆ ಪಂಪು ಓಡಿಸುವ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ, ಅದೂ ಪಾಳಿಯಲ್ಲಿ. ರಾತ್ರಿ ಪಾಳಿ ಬಂದರೆ ಅಮ್ಮ "ಏಳಪ್ಪಾ, ಕರೆಂಟು ಬಂತು" ಅಂತ ಕೂಗುತ್ತಿದ್ದರು. ಟಾರ್ಚು, ಕೋಲು ಹಿಡಿದು ಹೊರಟರೆ ಕಾಲಿಟ್ಟಲ್ಲೆಲ್ಲ ಹಾವಿನ ದಿಗಿಲು. ಈಗ ಬೆಳಗ್ಗೆ ಎಂಟೂವರೆಗೆ ಸ್ವಿಚ್ ಒತ್ತುತ್ತೇನೆ. ಪೈಪು ಎರಡು ಸಲ ಗಾಳಿ ಉಗುಳಿ, ಆಮೇಲೆ ನೀರು ತುಂಬಿ ಬರುತ್ತದೆ. ಫಿಲ್ಟರ್ ತೊಳೆದು ಸಾಲಿನುದ್ದಕ್ಕೂ ನಡೆಯುತ್ತೇನೆ. ತೋಟದ ಡ್ರಿಪ್ಪು ಹಳೆಯದೇ. ಬೆಳಕಿನಲ್ಲಿ ನಡೆದ ಮೊದಲ ವಾರವೇ ಅಳಿಲು ಕಡಿದ ಪೈಪು ಹನ್ನೊಂದು ಕಡೆ ಸಿಕ್ಕಿತು! ಕೆಲವು ಗಿಡದ ಬುಡ ಕೆಸರು, ಪಕ್ಕದ ಗಿಡದ ಡ್ರಿಪ್ಪರು ಉಪ್ಪು ಕಟ್ಟಿ ಒಣಒಣ. ರಾತ್ರಿ ಎಷ್ಟು ವರ್ಷ ನೀರು ಹೀಗೆ ಪೋಲಾಯಿತೋ! ಈಗ ಮೊದಲಿಗಿಂತ ಒಂದು ಗಂಟೆ ಕಡಿಮೆ ಬಿಟ್ಟರೂ ಕೊನೇ ಸಾಲಿನ ಮಣ್ಣು ಹಸಿಯಾಗಿರುತ್ತದೆ.

ಪ್ಯಾನೆಲ್ ಒರೆಸುವುದು ನನಗೆ ಇಷ್ಟದ ಕೆಲಸ. ಆರು ಗಂಟೆಗೆ ಹೋದರೆ ಇಬ್ಬನಿಗೆ ಹಕ್ಕಿ ಹಿಕ್ಕೆ ನೆನೆದಿರುತ್ತದೆ. ಹಳೇ ಪಂಚೆ ತುಂಡಿನಿಂದ ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ನಮ್ಮ ಬೋರಿನ ನೀರು ಗಡಸು, ಒಣಗಿದರೆ ಬಿಳಿ ಕಲೆ ಕೂರುತ್ತದೆ, ಅದಕ್ಕೇ ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು. ರಾಗಿ ಒಕ್ಕಣೆ ಕಾಲದಲ್ಲಿ ದಿನ ಬಿಟ್ಟು ದಿನ ಒರೆಸಲೇಬೇಕು.

ಇಷ್ಟು ಹೊಗಳಿದೆ. ಆದರೆ ಎರಡನೇ ವರ್ಷ ಮಾರ್ಚಿನಲ್ಲಿ ಕಂಟ್ರೋಲರ್, ಅಂದರೆ ಪ್ಯಾನೆಲ್ಲಿನ ಕರೆಂಟನ್ನು ಮೋಟ್ರಿಗೆ ಹೊಂದಿಸಿ ಕೊಡುವ ಪೆಟ್ಟಿಗೆ, ಕೆಟ್ಟಿತು. ಮೋಟ್ರು ಸುಟ್ಟರೆ ಶಿರಾದಲ್ಲಿ ಒಂದೇ ದಿನಕ್ಕೆ ವೈಂಡಿಂಗ್ ಮಾಡಿಕೊಡುತ್ತಾರೆ. ಈ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚುವಂತಿಲ್ಲ, ಐದು ವರ್ಷದ ನಿರ್ವಹಣೆ ಪಂಪು ಕೂರಿಸಿದ ಕಂಪನಿಯವರದ್ದೇ. ಫೋನಿನಲ್ಲಿ ದಿನಾ "ನಾಳೆ ಬರ್ತಾರೆ ಸರ್". ಬಂದದ್ದು ಹದಿನೇಳನೇ ದಿನ. ಹಳೇ ಬೋರು ಅಷ್ಟರಲ್ಲಿ ಬತ್ತಿತ್ತು. ಟ್ಯಾಂಕರ್ ತರಿಸಿ ಜೀವ ಉಳಿಯುವಷ್ಟು ನೀರುಣಿಸಿದೆ. ಪಂಪು ಓಡಿದ ಮೇಲೆ, ಒಣಗಿದ್ದ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕಿ ಕಾಯಿಗಳು ಸೀಳಿದವು. ಕೆಂಪು ಕಾಳು ಹೊರಗೆ ಕಾಣುವಂತೆ ಬಿರಿದ ಹಣ್ಣನ್ನು ಕ್ರೇಟುಗಟ್ಟಲೆ ತಿಪ್ಪೆಗೆ ಸುರಿದ ದಿನ ಊಟ ಸೇರಲಿಲ್ಲ.

ಇನ್ನೊಂದು ನನ್ನದೇ ತಪ್ಪು. ಬಿಸಿಲಿಗೆ ಬಿಲ್ಲಿಲ್ಲವಲ್ಲ, ಮೊದಲ ಬೇಸಿಗೆ ಬೆಳಗಿನಿಂದ ಸಂಜೆವರೆಗೆ ಓಡಿಸಿದೆ. ಏಪ್ರಿಲ್‌ನಲ್ಲಿ ನೀರು ಇಳಿದು ಬೋರು ಗಾಳಿ ಎಳೆಯತೊಡಗಿ ಪಂಪು ತಾನಾಗಿ ನಿಂತಿತು. ಈಗ ದಿನಕ್ಕೆ ನಾಲ್ಕೇ ಗಂಟೆ, ಅದರಲ್ಲಿ ದೂರದ ಸಾಲುಗಳಿಗೆ ಹತ್ತು ಗಂಟೆಯ ಮೇಲೆ; ಮೋಡ ಅಡ್ಡ ಬಂದರೆ ಒತ್ತಡ ಇಳಿದು ಅಲ್ಲಿಗೆ ನೀರು ಮುಟ್ಟುವುದಿಲ್ಲ.

ಹರಿನೀರು ಬಿಡುವವರು ಮೊದಲು ಡ್ರಿಪ್ ಹಾಕಿಸಿ, ಆಮೇಲೆ ಇದು. ಅರ್ಜಿ ಹಾಕುವ ಮುಂಚೆ ನಿಮ್ಮ ತಾಲೂಕಿನಲ್ಲೇ ರಿಪೇರಿಯವರು ಇದ್ದಾರಾ ಕೇಳಿ. ಕಂಟ್ರೋಲರ್‌ಗೆ ನೇರ ಬಿಸಿಲು ತಾಗದಂತೆ ತಗಡಿನ ಮರೆ ಕಟ್ಟಿಸಿ. ನಾನು ಕಟ್ಟಿಸಿದ್ದು ಅದು ಕೆಟ್ಟ ಮೇಲೆ.