ಪೇಟೆಂಟ್ ಮಾಡಿಸಿಕೊಡ್ತೀವಿ ಅಂತ ಫೋನ್ ಬಂದರೆ ಹುಷಾರು

ಹಾವೇರಿ, ಗದಗ, ಹುಬ್ಬಳ್ಳಿ ಕಡೆ ವರ್ಕ್‌ಶಾಪಿನಲ್ಲಿ ಹೊಸದೇನಾದರೂ ಮಾಡುವವರು ಇದನ್ನು ಓದಿ. ಪೇಟೆಂಟ್ ಅಂದರೆ ನೀವು ಕಂಡುಹಿಡಿದದ್ದನ್ನು ಬೇರೆಯವರು ಮಾಡಿ ಮಾರದಂತೆ ಸರ್ಕಾರ ಕೊಡುವ ಹಕ್ಕು.

ನಮ್ಮ ಸೋದರಮಾವನ ಮಗನಿಗೆ ಬ್ಯಾಡಗಿಯಲ್ಲಿ ವೆಲ್ಡಿಂಗ್ ಅಂಗಡಿ ಇದೆ. ಒಣಮೆಣಸಿನಕಾಯಿ ತೊಟ್ಟು ಬಿಡಿಸುವ ಮಷಿನ್ ಮಾಡಬೇಕು ಅಂತ ಅವನಿಗೆ ಆಸೆ. ಎರಡು ರಬ್ಬರ್ ರೋಲರ್, ನಡುವೆ ತೊಟ್ಟು ಸಿಕ್ಕಿ ಕಿತ್ತು ಬರಬೇಕು. ಮೊಬೈಲಿನಲ್ಲಿ ಜಾಹೀರಾತು ನೋಡಿ ನಂಬರ್ ಕೊಟ್ಟ, ಅಷ್ಟೇ. ಬೆಂಗಳೂರಿನ ಕಂಪನಿಯೊಂದು ಬೆನ್ನು ಹತ್ತಿತು.

ಮೊದಲು 'ಐಡಿಯಾ ಪರೀಕ್ಷೆ' ಫ್ರೀ. ಬಣ್ಣಬಣ್ಣದ ರಿಪೋರ್ಟ್ ಬಂತು. ಹತ್ತಕ್ಕೆ ಒಂಬತ್ತು ಮಾರ್ಕು! ಮಸಾಲೆ ವ್ಯಾಪಾರ ಎಷ್ಟು ಕೋಟಿ ಅನ್ನೋ ಗ್ರಾಫು ಬೇರೆ. ತೊಟ್ಟು ಬಿಡಿಸಲು ಈಗ ಕೆಜಿಗೆ ಎಷ್ಟು ಕೂಲಿ ಅಂತ ಮಾತ್ರ ಯಾರೂ ಕೇಳಲಿಲ್ಲ. ಆಮೇಲೆ ಅವಸರ: 'ಬೇರೆಯವರು ಫೈಲ್ ಮಾಡಿಬಿಡ್ತಾರೆ ಸರ್.' 'ವರ್ಲ್ಡ್ ಪೇಟೆಂಟ್' ಅಂತ ಹೇಳಿ 65 ಸಾವಿರ ಕಟ್ಟಿಸಿಕೊಂಡರು.

ವರ್ಲ್ಡ್ ಪೇಟೆಂಟ್ ಅನ್ನೋದೇ ಇಲ್ಲ. ಪೇಟೆಂಟ್ ಆಯಾ ದೇಶದ್ದು. ಹಲವು ದೇಶಗಳಿಗೆ ಸೇರಿಸಿ ಒಮ್ಮೆಗೇ ಹಾಕುವ ಪಿಸಿಟಿ ಅಂತ ಒಂದು ಅರ್ಜಿ ಇದೆ, ಅದಾದ ಮೇಲೂ ದೇಶ ದೇಶಕ್ಕೆ ಬೇರೆ ಬೇರೆ ಹೋಗಲೇಬೇಕು. ಇವನ ಕೈಗೆ ಬಂದದ್ದು ಡಿಸೈನ್ ನೋಂದಣಿಯ ಸರ್ಟಿಫಿಕೇಟು. ಅದು ಮಷಿನಿನ ಹೊರ ಆಕಾರವನ್ನಷ್ಟೇ ಕಾಯುತ್ತದೆ, ಕೆಲಸ ಮಾಡುವ ರೀತಿಯನ್ನಲ್ಲ. ಅದೇ ರೋಲರನ್ನು ಇನ್ನೊಬ್ಬ ಬೇರೆ ಆಕಾರದ ಡಬ್ಬಿಯಲ್ಲಿ ಕೂರಿಸಿದರೆ ಏನೂ ಮಾಡಲಾಗದು. ಒಬ್ಬ ವ್ಯಕ್ತಿ ಅರ್ಜಿ ಹಾಕಿದರೆ ಈ ಡಿಸೈನ್ ನೋಂದಣಿಗೆ ಸರ್ಕಾರಿ ಫೀ 1,000 ರೂಪಾಯಿ. ನಿಜವಾದ ಪೇಟೆಂಟಿಗಾದರೂ ಆನ್‌ಲೈನ್ ಅರ್ಜಿಗೆ 1,600, ಪೇಟೆಂಟ್ ಕಚೇರಿ ಅದನ್ನು ಪರೀಕ್ಷಿಸಲು 4,000. ಅರ್ಜಿ ಬರೆದು ಹಾಕಿಕೊಡುವ ಏಜೆಂಟರ ಖರ್ಚು ಬೇರೆ, ಒಪ್ಪೋಣ.

ಸಿಟ್ಟಿನಲ್ಲಿ ನಾನೇ ಗೂಗಲ್ ಪೇಟೆಂಟ್ಸ್‌ನಲ್ಲಿ ಹುಡುಕಿದೆ. ತೊಟ್ಟು ತೆಗೆಯುವ ಮಷಿನ್‌ಗಳು ಒಂದರ ಹಿಂದೆ ಒಂದು ಬಂದವು. ಹುಡುಕಲು ದುಡ್ಡೂ ಬೇಡ, ಲಾಗಿನ್ನೂ ಬೇಡ. ಕಂಪನಿಯವರಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬಲ್ಲ.

ಆಮೇಲೆ ಪರಿಚಯದ ದಲಾಲರ ಅಂಗಡಿಗೆ ಅವನು ಮಾಡಿದ ಮಷಿನ್ ಒಯ್ದು ಒಂದು ಚೀಲ ಹಾಕಿ ನೋಡಿದೆವು. ಬ್ಯಾಡಗಿ ಕಾಯಿ ಗೊತ್ತಲ್ಲ, ಮೈಯೆಲ್ಲ ಸುಕ್ಕು. ಗರಿಗರಿ ಒಣಗಿದ್ದು ರೋಲರಿಗೆ ಸಿಕ್ಕ ಕೂಡಲೇ ಒಡೆದು ಬೀಜ ಚೆಲ್ಲಿತು. ನೀರು ಚಿಮುಕಿಸಿದರೆ ತೊಟ್ಟು ಜಾರಿ ಕಾಯಲ್ಲೇ ಉಳಿಯಿತು. ದಲಾಲರು ಒಡೆದ ಕಾಯಿಯೊಂದನ್ನು ಎತ್ತಿ ತೋರಿಸಿದರು. 'ಹಿಂಗ ಒಡದ್ರ ರೇಟ್ ಹೋತು ತಮ್ಮಾ. ಅಲ್ಲಿ ಕುಂತ ಹೆಣ್ಮಕ್ಳ ಕೈ ನೋಡು, ಒಂದ್ ಬೀಜ ಉದುರಂಗಿಲ್ಲ.' ರಿಪೋರ್ಟಿನಲ್ಲಿ ಇರಬೇಕಿದ್ದದ್ದು ಈ ಮಾತು, ಅಲ್ವಾ?

ಹುಡುಕಿದ ಮೇಲೂ ನಿಮ್ಮದು ಹೊಸದು ಅನ್ನಿಸಿದರೆ ಧಾರವಾಡದ ಕೃಷಿ ಮೇಳದಲ್ಲಿ ತೋರಿಸುವ ಮೊದಲೇ ತಾತ್ಕಾಲಿಕ ಅರ್ಜಿ ಹಾಕಿ. ಎಲ್ಲರ ಮುಂದೆ ಇಟ್ಟ ಮೇಲೆ ಅದು ಹೊಸದಲ್ಲ ಅಂತ ಪೇಟೆಂಟ್ ತಿರಸ್ಕಾರ ಆಗಬಹುದು. ಪೂರ್ತಿ ಅರ್ಜಿಗೆ ಆಮೇಲೆ 12 ತಿಂಗಳು ಇರುತ್ತದೆ. ಕೊಳ್ಳುವವರು ಇದ್ದಾರೋ ಇಲ್ಲವೋ ನೋಡಲು ಅಷ್ಟು ಸಾಕು.

ಕಂಪನಿ ಈಗ 'ಪ್ಯಾಕೇಜಿನ ಪ್ರಕಾರ ಕೆಲಸ ಮಾಡಿದ್ದೇವೆ' ಅನ್ನುತ್ತಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ನಿಮಗೂ ಇಂಥ ಫೋನ್ ಬಂದರೆ ಅವರ ಪೇಟೆಂಟ್ ಏಜೆಂಟರ ನೋಂದಣಿ ನಂಬರ್ ಕೇಳಿ. ಏಜೆಂಟರ ಪಟ್ಟಿ ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲೇ ಇದೆ. ದುಡ್ಡು ಕಟ್ಟುವ ಮೊದಲು ತಾಳೆ ನೋಡಿ.